ರಜೆಯಲ್ಲಿ 18 ದಿನ ಕಾರ್ಖಾನೆಗೆ: ಕೊಡಗಿನ ವಿಜ್ಞಾನ, ವೃತ್ತಿಶಿಕ್ಷಣ ಶಿಕ್ಷಕರು ಸಂಬಳ ಸಹಿತ ಇಂಟರ್ನ್‌ಶಿಪ್ ಹುಡುಕುವುದು ಹೇಗೆ

ಹತ್ತು ವರ್ಷ ನಾನು ಮಕ್ಕಳನ್ನು ಕಾಫಿ ಕ್ಯೂರಿಂಗ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವುದನ್ನು ತೋರಿಸಲು ಕರೆದುಕೊಂಡು ಹೋಗಿದ್ದೇನೆ. ಪ್ರತಿ ಸಲವೂ ಅದೇ ಕ್ರಮ. ಗೇಟಿನಲ್ಲಿ ರಿಜಿಸ್ಟರಿಗೆ ಸಹಿ, ಸೂಪರ್‌ವೈಸರ್ ಜತೆ ಅರ್ಧ ಗಂಟೆ ಸುತ್ತಾಟ, ಕೊನೆಗೆ ಮಕ್ಕಳಿಗೆ ಬಿಸ್ಕತ್ತು, ನಮಗೆ ಒಂದು ಲೋಟ ಕಾಫಿ. ಯಂತ್ರದ ಸದ್ದಿನಲ್ಲಿ ಅವರು ಹೇಳಿದ್ದು ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಹನ್ನೊಂದನೆಯ ವರ್ಷ ಬೇಸಿಗೆ ರಜೆಯಲ್ಲಿ ಅಂಥದ್ದೇ ಒಂದು ಘಟಕದಲ್ಲಿ 18 ದಿನ ಕೆಲಸಕ್ಕೆ ಸೇರಿದೆ. ದಿನಕ್ಕೆ 500 ರೂಪಾಯಿ ಮತ್ತು ಮಧ್ಯಾಹ್ನದ ಊಟ. ಮೂರನೆಯ ದಿನ ಬಸ್ಸು ತಪ್ಪಿ ಇಪ್ಪತ್ತು ನಿಮಿಷ ತಡವಾಯಿತು. ಗುಣಮಟ್ಟ ವಿಭಾಗ ನೋಡಿಕೊಳ್ಳುವವರು ತಲೆ ಎತ್ತದೆ, "ಟೀಚರೇ, ಎಂಟೂವರೆ ಸ್ಯಾಂಪಲ್ ಯಾರು ನೋಡಬೇಕಿತ್ತು?" ಅಂದರು. ನನ್ನ ಮುಖ ಬಿಸಿಯಾಯಿತು. ಹತ್ತು ವರ್ಷದಲ್ಲಿ ಆ ಕಟ್ಟಡದೊಳಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸ್ಯಾಂಪಲ್ ನೋಡುವುದು ಅಂದಿನಿಂದ ನಿಜವಾಗಿಯೂ ನನ್ನ ಕೆಲಸವಾಯಿತು.

ಈ ಲೇಖನದಲ್ಲಿ ನಾನು ಮತ್ತೆ ಮತ್ತೆ "ಸಂಬಳ ಕೇಳಿ" ಎನ್ನುವುದು ಇದೇ ಕಾರಣಕ್ಕೆ. ಮೊತ್ತ ಚಿಕ್ಕದಿರಬಹುದು. ಆದರೆ ಹಣ ಕೊಡುವವರು ನಿಮ್ಮಿಂದ ಕೆಲಸ ಎದುರುನೋಡುತ್ತಾರೆ, ಕೆಲಸ ಆಗಬೇಕಾದರೆ ಕಲಿಸಲೇಬೇಕು, ಕಲಿಸಿದ ಮೇಲೆ ತಪ್ಪಾದರೆ ತಿದ್ದುತ್ತಾರೆ. ಪುಕ್ಕಟೆ ಬಂದವರಿಗೆ ಸುತ್ತಾಡಿಸಿ ಕಳಿಸುತ್ತಾರೆ.

ಶಿಕ್ಷಕರು ಉದ್ಯಮಕ್ಕೆ ಹೋಗಿ ಸಂಬಳ ಪಡೆದು ಕಲಿಯುವುದು ಹೊಸದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1985ರಲ್ಲಿ ಶುರುವಾದ ಐಐಎಸ್‌ಎಂಇ ಎಂಬ ಸಂಸ್ಥೆ ವಿಜ್ಞಾನ, ಗಣಿತ ಶಿಕ್ಷಕರನ್ನು ಬೇಸಿಗೆಯಲ್ಲಿ ಕಂಪನಿಗಳಿಗೂ ಪ್ರಯೋಗಾಲಯಗಳಿಗೂ ಕಳಿಸುತ್ತಿತ್ತು. ಕರೆಸಿಕೊಂಡವರೇ ಸ್ಟೈಪೆಂಡ್ ಭರಿಸುತ್ತಿದ್ದರು. ಅಲ್ಲಿನ ಒಂದು ನಿಯಮ ನನಗೆ ಬಹಳ ಹಿಡಿಸಿತು: ಕಲಿತದ್ದನ್ನು ತರಗತಿಗೆ ಹೇಗೆ ದಾಟಿಸುತ್ತೀರಿ ಎಂಬ ಯೋಜನೆಯನ್ನು ಶಿಕ್ಷಕರು ಬರೆದುಕೊಡಬೇಕಿತ್ತು. ನಮ್ಮ ಜಿಲ್ಲೆಯಲ್ಲಿ ಅಂಥ ಮಧ್ಯವರ್ತಿ ಸಂಸ್ಥೆ ಇಲ್ಲ. ಹಾಗಾಗಿ ಹುಡುಕುವುದು, ಕೇಳುವುದು, ಅನುಮತಿ ತರುವುದು ಎಲ್ಲವೂ ನಮ್ಮ ಪಾಲಿಗೇ ಬರುತ್ತದೆ. ನಾನು ಮಾಡಿದ ಕ್ರಮದಲ್ಲೇ, ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪಠ್ಯಪುಸ್ತಕದಿಂದ ಒಂದು ಪ್ರಶ್ನೆ ಆರಿಸಿ

"ನಿಮ್ಮಲ್ಲಿ ಏನಾದರೂ ಕಲಿಯಬೇಕು" ಎಂದು ಹೋದರೆ ಯಾವ ಮ್ಯಾನೇಜರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ. ನೀವು ಪ್ರತಿ ವರ್ಷ ಪಾಠ ಮಾಡುವಾಗ ಎಲ್ಲಿ ತೊಡರುತ್ತೀರಿ, ಮಕ್ಕಳು ಎಲ್ಲಿ "ಇದು ಯಾಕೆ ಬೇಕು ಮಿಸ್?" ಎಂದು ಕೇಳುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ನನ್ನದು ಸಾಂದ್ರತೆ. ರಾಶಿಯನ್ನು ಗಾತ್ರದಿಂದ ಭಾಗಿಸುವುದು ಮಕ್ಕಳಿಗೆ ಬರುತ್ತಿತ್ತು. ಅದನ್ನು ಎಲ್ಲಿ ಬಳಸುತ್ತಾರೆ ಎಂದರೆ ನನಗೇ ಹಡಗು, ಮಂಜುಗಡ್ಡೆ ಬಿಟ್ಟು ಬೇರೆ ಉದಾಹರಣೆ ಇರಲಿಲ್ಲ. ಕಾಫಿ ಕಣದ ಮುಂದೆ ಆಡಿ ಬೆಳೆದ ಮಕ್ಕಳಿಗೆ ನಾನು ಹಡಗಿನ ಕತೆ ಹೇಳುತ್ತಿದ್ದೆ.

ಕಾಫಿಯಲ್ಲಿ ಸಾಂದ್ರತೆ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿದ, ಒಳಸಿಪ್ಪೆ ಉಳಿದಿರುವ ಬೀಜ) ಒಣಗಿದೆಯೋ ಇಲ್ಲವೋ ನೋಡಲು ಫೋರ್ಲಿಟ್ ಎಂಬ 40 ಲೀಟರಿನ ಅಳತೆ ತುಂಬಿ ತೂಗುತ್ತಾರೆ. ನೀರು ಹೋದಂತೆ ತೂಕ ಇಳಿಯುತ್ತದೆ, ಮುಂದೆ ಇಳಿಯದೆ ನಿಂತರೆ ಒಣಗಿತು ಎಂದು ಲೆಕ್ಕ. ಅಳತೆಯ ಗಾತ್ರ ಬದಲಾಗದೆ ತೂಕ ಮಾತ್ರ ಬದಲಾಗುವುದರಿಂದ ಇದು ನಾವು ತರಗತಿಯಲ್ಲಿ ಹೇಳಿಕೊಡುವ ಸೂತ್ರವೇ. ಕ್ಯೂರಿಂಗ್ ಒಳಗೆ ಹೋದರೆ, ಸಿಪ್ಪೆ ತೆಗೆದು ಜರಡಿಯಲ್ಲಿ ಎಎ, ಎ, ಬಿ, ಸಿ, ಪೀಬೆರಿ (ಒಂಟಿ ಗುಂಡು ಬೀಜ) ಎಂದು ಗಾತ್ರದ ಮೇಲೆ ಬೇರೆಯಾದ ಬೀಜ ಗ್ರ್ಯಾವಿಟಿ ಟೇಬಲ್ಲಿಗೆ ಬರುತ್ತದೆ. ಓರೆಯಾಗಿ ನಡುಗುವ ಜಾಲರಿಯ ಹಾಸು, ಕೆಳಗಿನಿಂದ ಗಾಳಿ. ಒಂದೇ ಗಾತ್ರದ ಎರಡು ಬೀಜದಲ್ಲಿ ಹಗುರಾದದ್ದು, ಅಂದರೆ ಹುಳು ತಿಂದದ್ದು, ಸರಿಯಾಗಿ ತುಂಬದ್ದು, ಗಾಳಿಗೆ ತೇಲಿ ಒಂದು ಬದಿಗೆ ಜಾರುತ್ತದೆ. ಮೊದಲು ಗಾತ್ರ ಒಂದೇ ಮಾಡಿಕೊಂಡು ಆಮೇಲೆ ಸಾಂದ್ರತೆ ನೋಡುವುದು ಯಾಕೆ ಎಂಬ ಪ್ರಶ್ನೆ ನನಗೆ ಅಲ್ಲಿ ಆರನೆಯ ದಿನ ಹೊಳೆಯಿತು. ಉತ್ತರ ಗೊತ್ತಾದಾಗ ಕುಣಿಯುವಂತಾಯಿತು. ದೊಡ್ಡ ಟೊಳ್ಳು ಬೀಜಕ್ಕೂ ಸಣ್ಣ ಗಟ್ಟಿ ಬೀಜಕ್ಕೂ ತೂಕ ಒಂದೇ ಇರಬಹುದು, ಆಗ ಗಾಳಿಗೆ ಎರಡರ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ.

ಗಣಿತ ಮೇಷ್ಟ್ರಿಗೂ ಇಲ್ಲಿ ಬೇಕಾದಷ್ಟಿದೆ. ಕೊಡಗಿನ ಬೆಳೆಗಾರರ ಬಾಯಲ್ಲಿ ದಿನವೂ ಇರುವ ಮಾತು "ಓಟಿ ಎಷ್ಟು ಬಂತು?" ಎನ್ನುವುದು. 50 ಕಿಲೊ ಚೆರಿ (ಸಿಪ್ಪೆ ಸಹಿತ ಒಣಗಿಸಿದ ಹಣ್ಣು) ಚೀಲಕ್ಕೆ ಎಷ್ಟು ಕಿಲೊ ಬೀಜ ಸಿಗುತ್ತದೆ ಎಂಬುದೇ ಓಟಿ, ಅಂದರೆ ಔಟ್‌ಟರ್ನ್. 27 ಓಟಿ ಎಂದರೆ ಶೇಕಡ 54. ಚೀಲದ ಬೆಲೆ ಇದರ ಮೇಲೆ ನಿಲ್ಲುತ್ತದೆ. ತೇವಾಂಶದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಪಾರ್ಚ್‌ಮೆಂಟ್ ಶೇಕಡ 10ಕ್ಕೆ ಒಣಗಬೇಕು. ಶೇಕಡ 12 ತೇವವಿರುವ 100 ಕಿಲೊ ಕಾಫಿಯನ್ನು ಶೇಕಡ 10ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ಮಕ್ಕಳು 98 ಎನ್ನುತ್ತಾರೆ, ನಾನೂ ಮೊದಲ ದಿನ ಹಾಗೇ ಅಂದೆ. ಒಣ ಪದಾರ್ಥ 88 ಕಿಲೊ, ಅದು ಈಗ ಶೇಕಡ 90 ಆಗಬೇಕು, ಹಾಗಾಗಿ ಉತ್ತರ ಸುಮಾರು 97.8. ಆ 200 ಗ್ರಾಂ ವ್ಯತ್ಯಾಸ ಲಾರಿಗಟ್ಟಲೆ ಕಾಫಿಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಸಿದರೆ ತರಗತಿ ಎದ್ದು ಕೂರುತ್ತದೆ.

ರಸಾಯನಶಾಸ್ತ್ರ ಕಲಿಸುವವರು ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರನ್ನು ಹಿಡಿಯಬಹುದು. ಹಣ್ಣಿನ ಲೋಳೆ ಹುಳಿತು ನೀರು ಆಮ್ಲೀಯವಾಗುತ್ತದೆ, ಅದನ್ನು ಹಾಗೇ ತೋಡಿಗೆ ಬಿಟ್ಟರೆ ನೀರಿನ ಆಮ್ಲಜನಕವೆಲ್ಲ ಅದರ ಕೊಳೆಯುವಿಕೆಗೇ ಹೋಗುತ್ತದೆ. ಸುಣ್ಣ ಹಾಕಿ ತಟಸ್ಥಗೊಳಿಸುವುದು ಹತ್ತನೆಯ ತರಗತಿಯ ಪಾಠವೇ. ಭೌತಶಾಸ್ತ್ರದವರಿಗೆ ಬೀಜದ ಬಣ್ಣ ನೋಡಿ ಕಪ್ಪು ಬೀಜವನ್ನು ಗಾಳಿಯ ಚಿಮ್ಮಿನಿಂದ ಹೊರಗೆ ತಳ್ಳುವ ಕಲರ್ ಸಾರ್ಟರ್ ಇದೆ.

ವೃತ್ತಿಶಿಕ್ಷಣದವರ ಪ್ರಶ್ನೆಗಳು ಬೇರೆ. ಆಟೊಮೊಬೈಲ್ ಕಲಿಸುವವರಲ್ಲಿ ಕಾರ್ಬುರೇಟರ್ ಬಿಚ್ಚಿ ಕಟ್ಟಿ ಪಳಗಿದವರು ಬಹಳ. ಆದರೆ 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ಮಾನದಂಡ ಬಂದ ಮೇಲೆ ಗಾಡಿಯ ದೋಷ ಹುಡುಕಲು ಸ್ಕ್ಯಾನರ್ ಓದಲು ಬರಬೇಕು. "ನನ್ನ ವಿದ್ಯಾರ್ಥಿಗಳು ಸೇರುವ ಗ್ಯಾರೇಜಿನಲ್ಲಿ ಈಗ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಯಾವುದು, ಅದು ನನ್ನ ಪಠ್ಯದಲ್ಲಿ ಇಲ್ಲವೇಕೆ?" ಎಂಬ ಒಂದೇ ಪ್ರಶ್ನೆ ಹಿಡಿದು ಹೋದರೂ ಸಾಕು. ಎಲೆಕ್ಟ್ರಿಷಿಯನ್ ವಿಭಾಗದವರು ಮನೆಮೇಲಿನ ಸೌರ ವಿದ್ಯುತ್ ಅಳವಡಿಸುವವರ ಜತೆ ಹೋಗಬಹುದು. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾದ ಮೇಲೆ ಆ ಕೆಲಸ ಕಲಿಸುವ ಅಗತ್ಯ ಹೆಚ್ಚಿದೆ.

ಎರಡನೆಯದು: ತೋಟದ ಕ್ಯಾಲೆಂಡರನ್ನೂ ಶಾಲೆಯ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಡಿ

ಕೊಡಗಿನಲ್ಲಿ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆವರೆಗೆ. ಅಂದರೆ ಪಲ್ಪರ್ ತಿರುಗುವುದನ್ನು, ಹುಳಿಸುವ ತೊಟ್ಟಿಯನ್ನು ರಜೆಯಲ್ಲಿ ನೋಡಲು ಸಿಗುವುದಿಲ್ಲ. ಅದನ್ನು ಕಲಿಯಬೇಕೆಂದರೆ ಡಿಸೆಂಬರ್‌ನ ಭಾನುವಾರಗಳಲ್ಲಿ, ಪಕ್ಕದ ಯಾವುದಾದರೂ ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಮಾತಾಡಿ ಹೋಗಬೇಕು. ಬೇಸಿಗೆಯಲ್ಲಿ ಸಿಗುವುದು ಕ್ಯೂರಿಂಗ್. ಕುಯ್ದ ಕಾಫಿಯೆಲ್ಲ ಆಗ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಂಥ ಕಡೆ ಬಂದು ಕೂತಿರುತ್ತದೆ, ಅಲ್ಲಿ ಕೈಗೆ ಕೆಲಸವಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಜೇನು ತೆಗೆಯುವುದು, ಕರಿಮೆಣಸು ಒಣಗಿಸಿ ಗ್ರೇಡ್ ಮಾಡುವುದು, ಮಳೆಗಾಲಕ್ಕೆ ಮುಂಚೆ ಕಳೆ ಕೊಚ್ಚುವ ಯಂತ್ರ, ಸ್ಪ್ರೇಯರ್ ರಿಪೇರಿ ಇವೂ ನಡೆಯುತ್ತವೆ. ಕೃಷಿ ಯಂತ್ರದ ವರ್ಕ್‌ಶಾಪಿಗೆ ಹೋಗುವ ಐಟಿಐ ಫಿಟ್ಟರ್ ವಿಭಾಗದವರಿಗೆ ಇದು ಒಳ್ಳೆಯ ಕಾಲ. ರೆಸಾರ್ಟ್‌ಗಳಿಗೆ ಮಾತ್ರ ಬೇಸಿಗೆಯಲ್ಲಿ ಹೋಗಬೇಡಿ ಎನ್ನುತ್ತೇನೆ. ಪ್ರವಾಸಿಗರು ತುಂಬಿ ತುಳುಕುವಾಗ ಅವರಿಗೆ ಕೈ ಬೇಕು, ಕಲಿಸಲು ಪುರಸೊತ್ತಿಲ್ಲ. ಆತಿಥ್ಯ, ಪ್ರವಾಸೋದ್ಯಮ ಕಲಿಸುವವರು ಮಳೆಗಾಲದ ಖಾಲಿ ದಿನಗಳಲ್ಲಿ ಮಾತಾಡಿಟ್ಟುಕೊಂಡು ಅಕ್ಟೋಬರ್ ರಜೆಗೆ ಹೋಗುವುದು ಲೇಸು. ಏಲಕ್ಕಿ ಕುಯ್ಲು, ಒಣಗಿಸುವಿಕೆ ನೋಡಬೇಕಾದರೂ ಅಕ್ಟೋಬರ್ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಮಳೆ ರಜೆಗೆ ಬದಲಾಗಿ ಶನಿವಾರ ಪೂರ್ತಿ ದಿನ ತರಗತಿ ನಡೆಸುವ ನಮ್ಮ ಜಿಲ್ಲೆಯ ಪಾಡು ನಿಮಗೇ ಗೊತ್ತು.

ಇನ್ನೊಂದು. ರಜೆ ಎಂದರೆ ನಮ್ಮ ರಜೆ ಎಂದು ಎಣಿಸಬೇಡಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, 2023-24ರಿಂದ ಬಂದ, ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ, ಅದಕ್ಕೆ ವಿಶೇಷ ತರಗತಿ ಎಲ್ಲ ಏಪ್ರಿಲನ್ನು ತಿಂದುಹಾಕುತ್ತವೆ. 2025ರ ದಸರಾ ರಜೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲೇ ಮುಗಿಯಿತು. ಹಾಗಾಗಿ ನಾನು ಮೇ 2ರಿಂದ 22ರವರೆಗೆ ಇಟ್ಟುಕೊಳ್ಳುತ್ತೇನೆ. ಮೂರು ಭಾನುವಾರ ಕಳೆದರೆ 18 ದಿನ. ಅದಕ್ಕಿಂತ ಕಡಿಮೆಯಾದರೆ ಕೆಲಸ ಕೈಗೆ ಹತ್ತುವ ಹೊತ್ತಿಗೆ ಹೊರಡಬೇಕಾಗುತ್ತದೆ.

ಮೂರನೆಯದು: ಎಲ್ಲಿ ಕೇಳಬೇಕು

ಎರಡು ಬಗೆಯ ಜಾಗಗಳನ್ನು ಬೇರೆ ಮಾಡಿಕೊಳ್ಳಿ. ಒಂದು, ತಿಳಿವಳಿಕೆ ಕೊಡುವ ಸಂಸ್ಥೆಗಳು. ನಮ್ಮ ಪುಟ್ಟ ಜಿಲ್ಲೆ ಈ ವಿಷಯದಲ್ಲಿ ಭಾಗ್ಯವಂತ. ಚೆಟ್ಟಳ್ಳಿಯಲ್ಲಿ 1946ರಲ್ಲಿ ಶುರುವಾದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಅದೇ ಊರಿನಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇವೆ. ಇಲ್ಲಿ ಸಂಬಳ ಎದುರುನೋಡಬೇಡಿ. ಕಾರ್ಖಾನೆಗೆ ಹೋಗುವ ಮುಂಚೆ ಒಂದೆರಡು ದಿನ ಇಲ್ಲಿ ಕಳೆದರೆ ನಿಮ್ಮ ಪ್ರಶ್ನೆ ಹರಿತವಾಗುತ್ತದೆ. ಕಾಯಿ ಕೊರಕ ಹುಳುವಿನ ಜೀವನಚಕ್ರ ತಿಳಿದು ಕ್ಯೂರಿಂಗಿಗೆ ಹೋದವರಿಗೆ ಬೀಜದ ಮೇಲಿನ ಸೂಜಿಮೊನೆಯಂಥ ತೂತು ಬೇರೆಯೇ ಕತೆ ಹೇಳುತ್ತದೆ.

ಮತ್ತೊಂದು, ಕೆಲಸ ಕೊಡುವ ಜಾಗಗಳು: ಕ್ಯೂರಿಂಗ್ ಘಟಕ, ದೊಡ್ಡ ತೋಟದ ಕಂಪನಿ, ಕಾಫಿ ಹುರಿದು ಪುಡಿ ಮಾಡಿ ಮಾರುವವರು, ವಾಹನ ಸರ್ವಿಸ್ ಕೇಂದ್ರ, ಆಸ್ಪತ್ರೆಯ ಪ್ರಯೋಗಾಲಯ, ಸೌರ ಅಳವಡಿಕೆಯವರು. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದರೆ ಯಾವ ತಾಲ್ಲೂಕಿನಲ್ಲಿ ಯಾವ ಬಗೆಯ ಘಟಕವಿದೆ ಎಂದು ಗೊತ್ತಾಗುತ್ತದೆ. ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೇಗ ಬಾಗಿಲು ತೆರೆಸಿದವರು ಹಳೆಯ ವಿದ್ಯಾರ್ಥಿಗಳು. ನಿಮ್ಮ ಹತ್ತನೆಯ ತರಗತಿಯಲ್ಲಿ ಕೂತಿದ್ದ ಯಾರೋ ಒಬ್ಬರು ಇಂದು ಆ ಕಾರ್ಖಾನೆಯ ಸ್ಟೋರ್ಸಿನಲ್ಲೋ ಲ್ಯಾಬಿನಲ್ಲೋ ಇದ್ದೇ ಇರುತ್ತಾರೆ.

ಜಿಲ್ಲೆ ದಾಟಲು ಸಿದ್ಧರಿದ್ದರೆ ಮೈಸೂರು ಹತ್ತಿರ. ಆಹಾರ ವಿಜ್ಞಾನಕ್ಕೆ ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಿರು ಅವಧಿಯ ಕೋರ್ಸ್ ನಡೆಸುತ್ತದೆ, ಅದಕ್ಕೆ ನಾವು ಶುಲ್ಕ ಕೊಡಬೇಕು. ಶಿಕ್ಷಕರಿಗೆ ಸ್ಟೈಪೆಂಡ್ ಕೊಟ್ಟು ಸಂಶೋಧನೆ ಕಲಿಸುವ ಒಂದು ಹಳೆಯ ದಾರಿಯೂ ಇದೆ: ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್, ವಿದ್ಯಾರ್ಥಿಗಳ ಜತೆ ಅಧ್ಯಾಪಕರಿಗೂ ತೆರೆದದ್ದು. ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಹಾಕಬೇಕಾದ್ದರಿಂದ ದಸರಾ ಮುಗಿದ ಕೂಡಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಕಟಣೆ ನೋಡಿ, ಅರ್ಹತೆಯ ಷರತ್ತು ಗಮನವಿಟ್ಟು ಓದಿ. ಚಳ್ಳಕೆರೆ ಬಳಿಯ ಐಐಎಸ್‌ಸಿ ಆವರಣದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ಕೈಯಾರೆ ಪ್ರಯೋಗ ಮಾಡಿಸುವ ತರಬೇತಿ ನಡೆಯುತ್ತದೆ. ಐಟಿಐಗಳ ಕಿರಿಯ ತರಬೇತಿ ಅಧಿಕಾರಿಗಳು, ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿದ ಯೋಜನೆಯಲ್ಲಿ ತಮ್ಮ ಸಂಸ್ಥೆ ಇದೆಯೇ, ಬೋಧಕರ ತರಬೇತಿ ಯಾವಾಗ ಎಂದು ಪ್ರಾಂಶುಪಾಲರಲ್ಲಿ ಕೇಳಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. "ಪೇಯ್ಡ್ ಇಂಟರ್ನ್‌ಶಿಪ್" ಎಂದು ಫೋನಿಗೆ ಬರುವ ಜಾಹೀರಾತುಗಳಲ್ಲಿ ಹಣ ಕೊಡಬೇಕಾದವರು ನಾವೇ ಆಗಿರುವುದುಂಟು. ನೋಂದಣಿ ಶುಲ್ಕ, ಪ್ರಮಾಣಪತ್ರದ ಶುಲ್ಕ, ಠೇವಣಿ ಎಂದು ಕೇಳಿದ ಕೂಡಲೇ ಬಿಟ್ಟುಬಿಡಿ.

ನಾಲ್ಕನೆಯದು: ಅನುಮತಿಯ ಕಾಗದ

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ವರ್ಷ ಬಾಯಿಮಾತಿನಲ್ಲಿ "ಹೋಗಿ ಬನ್ನಿ, ರಜೆ ತಾನೆ" ಎಂದವರು ಜೂನ್‌ನಲ್ಲಿ ಯಾರೋ ದೂರು ಕೊಟ್ಟಾಗ ನೆನಪಿಲ್ಲ ಎಂದರು. ಎರಡು ತಿಂಗಳು ಸಮಜಾಯಿಷಿ ಬರೆದೆ. ನಾನು ಅಡಗಿ ಮಾಡಿದ ಕೆಲಸವಲ್ಲ ಅದು, ಮಕ್ಕಳಿಗೋಸ್ಕರ ಹೋಗಿದ್ದೆ. ಆದರೂ ತೋರಿಸಲು ಒಂದು ತುಂಡು ಕಾಗದ ಇರಲಿಲ್ಲ. ನಿಮಗೆ ಹಾಗಾಗಬಾರದು.

ಸರ್ಕಾರಿ ಶಿಕ್ಷಕರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅನ್ವಯಿಸುತ್ತವೆ. ಖಾಸಗಿ ಉದ್ಯೋಗ, ಖಾಸಗಿಯವರಿಂದ ಸಂಭಾವನೆ ಎರಡಕ್ಕೂ ಪೂರ್ವಾನುಮತಿ ಬೇಕು, ರಜೆಯಲ್ಲಿದ್ದರೂ ಬೇಕು. ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲಿಂದ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಗೆ ಅರ್ಜಿ ಹೋಗಬೇಕು. ಪಿಯು ಉಪನ್ಯಾಸಕರು ಪ್ರಾಂಶುಪಾಲರ ಮೂಲಕ ಪಿಯು ಉಪನಿರ್ದೇಶಕರಿಗೆ ಬರೆಯಬೇಕು. ಅರ್ಜಿಯಲ್ಲಿ "ಉದ್ಯೋಗ" ಎಂಬ ಪದ ಬಳಸಬೇಡಿ, ಏಕೆಂದರೆ ನೀವು ಮಾಡಹೊರಟಿರುವುದು ಉದ್ಯೋಗವಲ್ಲ, ವೃತ್ತಿಪರ ತರಬೇತಿ. ಅವಧಿ, ಸ್ಥಳ, ಉದ್ದೇಶ, ಸಿಗುವ ಸ್ಟೈಪೆಂಡ್ ಮೊತ್ತ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆ ಇರಬೇಕೆಂದಿದೆ, ಅದನ್ನು ಉಲ್ಲೇಖಿಸಿ. ಕೂಡಿಗೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ)ನವರಿಗೆ ಒಂದು ಪ್ರತಿ ಕೊಟ್ಟು, ಮರಳಿದ ಮೇಲೆ ಒಂದು ದಿನದ ಅನುಭವ ಹಂಚಿಕೆ ಮಾಡುತ್ತೇನೆ ಎಂದು ಹೇಳಿದರೆ ಅರ್ಜಿಗೆ ತೂಕ ಬರುತ್ತದೆ. ರಜೆಯ ಹೊರಗಿನ ದಿನ ಬೇಕಾದರೆ ಒಒಡಿ, ಅಂದರೆ ಬೇರೆಡೆಯ ಕರ್ತವ್ಯದ ಮೇಲೆ ಹೋಗುವ ಅನುಮತಿ ಕೇಳಬೇಕು, ಅದಕ್ಕೆ ಇನ್ನೂ ಮೊದಲೇ ಅರ್ಜಿ ಹಾಕಿ.

ಸ್ಟೈಪೆಂಡ್ ಪಡೆಯಲು ಅನುಮತಿ ಸಿಗದೆ ಹೋದರೆ ಏನು ಮಾಡುವುದು? ಆ ಹಣವನ್ನು ಪ್ರಯೋಗಾಲಯದ ಸಾಮಗ್ರಿಗಾಗಿ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಖಾತೆಗೆ ದೇಣಿಗೆಯಾಗಿ ಕೊಡಲು ಕಂಪನಿಯನ್ನು ಕೇಳಿ. ನಿಮ್ಮ ಕೈಗೆ ಬರದಿದ್ದರೂ ನಿಮ್ಮ ಕೆಲಸಕ್ಕೆ ಬೆಲೆ ಕಟ್ಟಿದಂತಾಗುತ್ತದೆ.

ಅನುದಾನಿತ, ಖಾಸಗಿ ಶಾಲೆಯವರು ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಅನುದಾನಿತರು ಬಿಇಒ ಕಚೇರಿಗೂ ತಿಳಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅತಿಥಿ ಶಿಕ್ಷಕರಿಗೆ ಬೇಸಿಗೆಯಲ್ಲಿ ಗೌರವಧನವೇ ಇಲ್ಲ. ಅವರಿಗೆ ತಡೆ ಕಡಿಮೆ, ಅಗತ್ಯ ಹೆಚ್ಚು, ಆದರೂ ಯಾರೂ ಅವರಿಗೆ ಈ ದಾರಿ ಹೇಳಿಕೊಡುವುದಿಲ್ಲ. ನಿಮ್ಮ ಶಾಲೆಯ ಅತಿಥಿ ಶಿಕ್ಷಕರಿಗೆ ಈ ಲೇಖನ ಓದಲು ಕೊಡಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ. ಏಜೆನ್ಸಿ ಮೂಲಕ ನೇಮಕಗೊಂಡ ವೃತ್ತಿ ತರಬೇತುದಾರರು ತಮ್ಮ ಕರಾರುಪತ್ರದಲ್ಲಿ ಬೇರೆ ಕಡೆ ದುಡಿಯುವ ಬಗ್ಗೆ ಏನಿದೆ ಎಂದು ಮೊದಲು ನೋಡಿಕೊಳ್ಳಿ.

ಐದನೆಯದು: ಪತ್ರ, ಮತ್ತು ದುಡ್ಡಿನ ಮಾತು

ಜನವರಿಯಲ್ಲಿ ಕಾಫಿಯವರು ಉಸಿರಾಡಲೂ ಬಿಡುವಿಲ್ಲದೆ ಇರುತ್ತಾರೆ. ಫೆಬ್ರವರಿ ಕೊನೆಯಲ್ಲಿ ಪತ್ರ ಕೊಡಿ, ಕೈಯಲ್ಲೇ ಕೊಡಿ. ನಾನು ಕೊಟ್ಟ ಪತ್ರ ಸುಮಾರು ಹೀಗಿತ್ತು (ಅನುಮತಿಯ ಕೊನೆಯ ಸಾಲು ಪೆಟ್ಟು ತಿಂದ ಮೇಲೆ ಸೇರಿಸಿದ್ದು):

"ಮಾನ್ಯರೇ, ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಮೇ 2ರಿಂದ 22ರವರೆಗೆ, ಭಾನುವಾರ ಬಿಟ್ಟು, ದಿನಕ್ಕೆ ಏಳು ಗಂಟೆ ನಿಮ್ಮ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತ ಕಲಿಯಲು ಅವಕಾಶ ಕೋರುತ್ತೇನೆ. ಸ್ಯಾಂಪಲ್ ತೂಗುವುದು, ತೇವಾಂಶ ನೋಡುವುದು, ದಾಖಲೆ ಬರೆಯುವುದು ಇಂಥ ಕೆಲಸಗಳನ್ನು ನಿಖರವಾಗಿ ಮಾಡಬಲ್ಲೆ. ನಿಮ್ಮಲ್ಲಿನ ಒಂದು ದಾಖಲೆಯನ್ನು ಕಂಪ್ಯೂಟರಿನಲ್ಲಿ ಕ್ರಮಪಡಿಸಿ ಕೊಡಲೂ ಸಿದ್ಧಳಿದ್ದೇನೆ. ಕಲಿತದ್ದರಿಂದ ಸಾಂದ್ರತೆಯ ಪಾಠ ಸಿದ್ಧಪಡಿಸಿ ಅದರ ಪ್ರತಿಯನ್ನು ನಿಮಗೆ ಒಪ್ಪಿಸುತ್ತೇನೆ. ದಿನಕ್ಕೆ 500 ರೂಪಾಯಿ ಸ್ಟೈಪೆಂಡ್ ಕೋರುತ್ತೇನೆ. ಶಾಲೆಯ ಅನುಮತಿ ಪತ್ರ ಲಗತ್ತಿಸಿದೆ."

ಮೊತ್ತವನ್ನು ಪತ್ರದಲ್ಲೇ ಬರೆದದ್ದು ಯಾಕೆಂದರೆ ಎದುರು ಕೂತು ಕೇಳಲು ನನಗೆ ನಾಲಗೆ ಏಳುತ್ತಿರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಹೀಗೇ. ಮ್ಯಾನೇಜರ್ ಓದಿ, "ಕಲಿಯಲು ಬರುವವರಿಗೆ ನಾವೇಕೆ ಕೊಡಬೇಕು?" ಎಂದು ನೇರವಾಗಿ ಕೇಳಿದರು. ನಾನು ಆ ದಾಖಲೆಯ ಕೆಲಸದ ಮಾತೆತ್ತಿದೆ. ಎರಡು ವರ್ಷದ ತೇವಾಂಶದ ಪುಸ್ತಕಗಳು ಅವರಲ್ಲಿ ಹಾಗೇ ಬಿದ್ದಿದ್ದವು. ಮಾತು ಐದು ನಿಮಿಷದಲ್ಲಿ ಮುಗಿಯಿತು. ನೀವೂ ಅವರಿಗೆ ಬೇಕಾದ, ಆದರೆ ಪುರಸೊತ್ತಿಲ್ಲದೆ ಬಿದ್ದಿರುವ ಒಂದು ಕೆಲಸ ಹುಡುಕಿಕೊಂಡು ಹೋಗಿ: ಯಂತ್ರ ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕುವುದು, ಹೊಸ ಕೆಲಸಗಾರರಿಗೆ ಅಳತೆ ಕಲಿಸುವುದು, ಹೀಗೆ. ಕಲಿಸುವುದು ನಮ್ಮ ಕಸುಬು, ಅದಕ್ಕೆ ಕಾರ್ಖಾನೆಯಲ್ಲೂ ಬೆಲೆ ಇದೆ.

ದೊಡ್ಡ ಕಂಪನಿಗಳಲ್ಲಿ ಸಿಎಸ್‌ಆರ್ ಮಾತು ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಪ್ರಕಾರ, 5 ಕೋಟಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ವೃತ್ತಿ ಕೌಶಲ ಅದರಲ್ಲಿ ಸೇರುತ್ತವೆ. ಆದರೆ ಕಂಪನಿಯ ಮಾಮೂಲಿ ವ್ಯವಹಾರದ ಖರ್ಚನ್ನು ಅದರಲ್ಲಿ ತೋರಿಸುವಂತಿಲ್ಲ. ಆದ್ದರಿಂದ ನಿಮ್ಮ ಸ್ಟೈಪೆಂಡ್ ತರಬೇತಿ ಖರ್ಚಿನಲ್ಲಿ, ಶಾಲೆಗೆ ಕೊಡುವ ಉಪಕರಣ ಸಿಎಸ್‌ಆರ್‌ನಲ್ಲಿ ಎಂದು ಬೇರೆ ಮಾಡಿ ಕೇಳುವುದು ಸರಿ. ಹಣ ಬ್ಯಾಂಕ್ ಖಾತೆಗೇ ಬರಲಿ. ಅದು ಆದಾಯ, ರಿಟರ್ನ್ಸ್‌ನಲ್ಲಿ ತೋರಿಸಬೇಕು. ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಹೆಸರಿನ ತೆರಿಗೆ ವಿವರದಲ್ಲಿ ಬಂದಿದೆಯೇ ನೋಡಿಕೊಳ್ಳಿ.

ಸೇರುವ ಮುಂಚೆ ಅಪಘಾತ ವಿಮೆ ಮಾಡಿಸಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ರಕ್ಷಣೆ ಇದೆ, ಬ್ಯಾಂಕಿನಲ್ಲಿ ಒಂದು ಫಾರಂ ತುಂಬಿದರೆ ಆಯಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ, ತರಬೇತಿಗೆ ಬಂದವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನವೇ ಕೇಳಿ, ಸಂಕೋಚ ಬೇಡ.

ಆರನೆಯದು: ಒಳಗೆ ಹೋದ ಮೇಲೆ

ಸೀರೆಯಲ್ಲಿ ಹೋಗಬೇಡಿ. ಬೆಲ್ಟು, ಪುಲ್ಲಿ ಇರುವ ಕಡೆ ಸೆರಗು, ದುಪಟ್ಟಾ ಅಪಾಯ. ಮುಚ್ಚಿದ ಶೂ, ಧೂಳಿಗೆ ಮಾಸ್ಕ್, ಸದ್ದಿಗೆ ಕಿವಿಗೆ ಹಾಕುವ ಪ್ಲಗ್ ಬೇಕು. ಆಸ್ತಮಾ ಇರುವವರು ಸಿಪ್ಪೆ ತೆಗೆಯುವ ವಿಭಾಗದಿಂದ ದೂರವಿರಿ.

ಕಲಿಸುವವರು ಮ್ಯಾನೇಜರ್ ಮಾತ್ರ ಎಂದು ತಿಳಿಯಬೇಡಿ. ಬೀಜ ಆರಿಸುವ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ ಇಪ್ಪತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ಕಪ್ಪು, ಕಂದು, ಚೂರು ಎಂದು ಬೇರೆ ಮಾಡುವಾಗ ಅವರ ಬೆರಳು ಕಣ್ಣಿಗಿಂತ ಮುಂದೆ ಓಡುತ್ತಿತ್ತು. "ಟೀಚರೇ, ನೋಡಿ ಹೆಕ್ಕಬೇಡಿ, ಮುಟ್ಟಿ ಹೆಕ್ಕಿ" ಎಂದರು. ಸರಿಯಾಗಿ ಒಣಗದ ಬೀಜವನ್ನು ಅವರು ಹಲ್ಲಲ್ಲಿ ಒತ್ತಿ ಹೇಳುತ್ತಿದ್ದರು. ನಾನು ಅದನ್ನೇ ಮೀಟರಿಗೆ ಹಾಕಿ ನೋಡುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅವರ ಮಾತು ಮೀಟರಿಗೆ ಹೊಂದುತ್ತಿತ್ತು. ಆ ಪಟ್ಟಿಯನ್ನು ಹಾಗೇ ತರಗತಿಗೆ ತಂದೆ. ಅಳತೆ ಎಂದರೇನು, ಉಪಕರಣ ಯಾಕೆ ಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಕಲಿಸಿಲ್ಲ.

ಪ್ರತಿ ಸಂಜೆ ಬಸ್ಸಿನಲ್ಲೇ ಮೂರು ಸಾಲು ಬರೆಯಿರಿ: ಇಂದು ಕೈಯಾರೆ ಮಾಡಿದ್ದು, ಅರ್ಥವಾಗದೆ ಉಳಿದದ್ದು, ಯಾವ ಪಾಠಕ್ಕೆ ಹೊಂದುತ್ತದೆ. ಫೋಟೊ ತೆಗೆಯುವ ಮುಂಚೆ ಕೇಳಿ. ಗಿರಾಕಿಗಳ ಹೆಸರು, ದರ, ಮಿಶ್ರಣದ ಪ್ರಮಾಣ ಇವನ್ನು ಪುಸ್ತಕದಲ್ಲೂ ಬರೆಯಬೇಡಿ, ಬಾಯಲ್ಲೂ ಹೇಳಬೇಡಿ. ಒಬ್ಬರು ಬಾಯಿ ಬಿಟ್ಟರೆ ಮುಂದಿನ ಶಿಕ್ಷಕರಿಗೆ ಆ ಗೇಟು ಮುಚ್ಚುತ್ತದೆ.

ಏಳನೆಯದು: ತರಗತಿಗೆ ತರುವುದು

ಹೊರಡುವ ದಿನ ಅವರಿಗೆ ಬೇಡವಾದ ಸಾಮಾನು ಕೇಳಿ. ನನಗೆ ಸಿಕ್ಕಿದ್ದು ಹರಿದ ಎರಡು ಜರಡಿ, ಎಲ್ಲ ಗ್ರೇಡಿನ ಬೀಜ ಒಂದೊಂದು ಹಿಡಿ, ಕೆಟ್ಟುಹೋದ ಒಂದು ಬೇರಿಂಗ್. ಜೂನ್‌ನಲ್ಲಿ ಹಳೆಯ ಪ್ಲಾಸ್ಟಿಕ್ ಬಾಟಲಿ, ಹೇರ್ ಡ್ರೈಯರ್ ಇಟ್ಟುಕೊಂಡು ಮಕ್ಕಳು ತಾವೇ ಒಂದು ಪುಟ್ಟ ಗ್ರ್ಯಾವಿಟಿ ಟೇಬಲ್ ಮಾಡಿದರು. ಮೊದಲ ಎರಡು ಸಲ ಬೀಜವೆಲ್ಲ ನೆಲಕ್ಕೆ ಹಾರಿತು. ಮೂರನೆಯ ಸಲ ಓರೆ ಕಡಿಮೆ ಮಾಡಿ ನೋಡೋಣ ಎಂದದ್ದು ಹಿಂದಿನ ಬೆಂಚಿನ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿ. ಅವಳ ಅಮ್ಮ ಬೀಜ ಆರಿಸುವ ಕೆಲಸದಲ್ಲೇ ಇದ್ದವರು ಎಂದು ಆಮೇಲೆ ತಿಳಿಯಿತು. ಮರುವಾರ ಆ ತಾಯಿಯನ್ನು ಶಾಲೆಗೆ ಕರೆದು, ಮಕ್ಕಳಿಗೆ ಬೀಜ ಆರಿಸುವುದನ್ನು ತೋರಿಸಿ ಎಂದು ಕೇಳಿಕೊಂಡೆವು. ಆರರಿಂದ ಎಂಟನೆಯ ತರಗತಿಯವರಿಗೆ ಇರುವ ಹತ್ತು ಬ್ಯಾಗ್‌ರಹಿತ ದಿನಗಳಲ್ಲಿ ಇಂಥವರನ್ನು ಕರೆಸಲು ಅವಕಾಶವಿದೆ. ಆದರೆ ಮಕ್ಕಳನ್ನು ಯಂತ್ರ ಓಡುವ ಜಾಗಕ್ಕೆ ಕೆಲಸಕ್ಕೆಂದು ಕರೆದೊಯ್ಯಬೇಡಿ, ಹೊರಗೆ ನಿಂತು ನೋಡಿದರೆ ಸಾಕು.

ಪ್ರಮಾಣಪತ್ರದಲ್ಲಿ "ಭೇಟಿ ನೀಡಿದ್ದಾರೆ" ಎಂದು ಬರೆದುಕೊಟ್ಟರೆ ವಾಪಸು ಕೊಟ್ಟು, ದಿನಾಂಕ, ಗಂಟೆಗಳ ಸಂಖ್ಯೆ, ಮಾಡಿದ ಕೆಲಸ ಮೂರೂ ಬರುವಂತೆ ಬರೆಸಿಕೊಳ್ಳಿ. 18 ದಿನಕ್ಕೆ ಏಳು ಗಂಟೆಯಂತೆ 126 ಗಂಟೆ ಆಗುತ್ತದೆ. ಅದರ ಪ್ರತಿಯನ್ನೂ ಪಾಠ ಯೋಜನೆಯನ್ನೂ ಬಿಇಒ ಕಚೇರಿಗೆ, ಡಯಟ್‌ಗೆ, ಕಾರ್ಖಾನೆಗೆ ಜೂನ್ ಮುಗಿಯುವುದರೊಳಗೆ ಕಳಿಸಿ. ಕಾರ್ಖಾನೆಗೆ ಕಳಿಸುವ ಲಕೋಟೆಯಲ್ಲಿ, ಮುಂದಿನ ಬೇಸಿಗೆಗೆ ಬರಲು ಆಸಕ್ತಿಯಿರುವ ಇನ್ನೊಬ್ಬ ಶಿಕ್ಷಕರ ಹೆಸರನ್ನೂ ಬರೆದಿಡಿ.